ಡಬ್ಬದ ತಳ

ಹುಡುಗಿ ಎರಡನೇ ಸಲ ಬಾಗಿಲು ಬಡಿದಾಗ ಒಳಗಿನ ಅಳು ತಟ್ಟನೆ ನಿಂತಿತು, ಯಾರೋ ಬಾಯಿಗೆ ಕೈ ಅಡ್ಡ ಹಿಡಿದ ಹಾಗೆ. ಊಟದ ಪಾತ್ರೆಯ ಬಿಸಿ ಬಟ್ಟೆ ದಾಟಿ ಅವಳ ಬೆರಳು ಸುಡುತ್ತಿತ್ತು. "ಸುಮ್ನಿರೋ ಪುಟ್ಟ," ಬಾಗಿಲ ಹಿಂದೆ ಟೈಲರ್ ಆಂಟಿಯ ಪಿಸುದನಿ. "ಇಸ್ಕೊಂಡ್ರೆ ಪಾತ್ರೆ ವಾಪಸ್ ಕೊಡ್ಬೇಕು. ಬರೀ ಪಾತ್ರೆ ಹೇಗೋ ಕೊಡೋದು?"

ಆಂಟಿಯ ಕೈ ಮುರಿದು ಹೊಲಿಗೆ ನಿಂತಾಗಿನಿಂದ ಅಮ್ಮ ದಿನಾ ಈ ಮೇಲಿನ ಮನೆಗೆ ಊಟ ಕಳಿಸುತ್ತಿದ್ದಳು. ಆಂಟಿ ಪಾತ್ರೆ ತೊಳೆದು, ಅದರಲ್ಲಿ ಒಂದಿಷ್ಟು ಸಕ್ಕರೆ ಹಾಕಿಯೇ ವಾಪಸ್ ಕೊಡುತ್ತಿದ್ದಳು. ಹುಡುಗಿ ಅದನ್ನು ಮೆಟ್ಟಿಲ ಮೇಲೆ ಕೂತು ನೆಕ್ಕಿ ಮುಗಿಸುತ್ತಿದ್ದಳು. ಅಮ್ಮನಿಗೆ ಸುದ್ದಿಯೇ ಇಲ್ಲ. ನಿನ್ನೆ ಆಂಟಿ ಸಕ್ಕರೆ ಡಬ್ಬ ಬೋರಲು ಹಾಕಿ ತಳಕ್ಕೆ ನಾಲ್ಕು ಸಲ ತಟ್ಟಿದ್ದಳು. ಅವಳ ಕಾಲಿಗೆ ಅಂಟಿಕೊಂಡಿದ್ದ ಪುಟ್ಟ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಉದುರಿದ ಚಿಟಿಕೆ ಸಕ್ಕರೆ ಕಂಡು ಹುಡುಗಿ ಮೂತಿ ಉಬ್ಬಿಸಿದ್ದಳು. "ಇಷ್ಟೇನಾ, ಆಂಟಿ?"

ಈಗ ಹುಡುಗಿ ಪಾತ್ರೆಯನ್ನು ಹೊಸ್ತಿಲ ಮುಂದೆ ಇಟ್ಟು, ಬಾಗಿಲಿಗೆ ಬಾಯಿ ತಾಗಿಸಿ ಸುಳ್ಳು ಹೇಳಿದಳು. "ಆಂಟಿ, ಪಾತ್ರೆ ನೀವೇ ಇಟ್ಕೊಳ್ಳಿ ಅಂದ್ರು ಅಮ್ಮ. ಸಕ್ಕರೆ ನಂಗೆ ಸೇರೋದೇ ಇಲ್ಲ."

ಒಳಗೆ ಪುಟ್ಟನ ಅಳು ಕೈ ಮೀರಿ ಒಮ್ಮೆ ಹೊರಗೆ ಬಂದು ಮತ್ತೆ ಅಡಗಿತು. ಆಮೇಲೆ ಬಾಗಿಲು ತೆರೆಯದೆಯೇ, ನೆಂಟರನ್ನು ಮಾತಾಡಿಸುವಷ್ಟು ನಯವಾಗಿ ಆಂಟಿ ಅಂದಳು: "ನಮ್ದು ಊಟ ಆಯ್ತು ಅಂತ ಅಮ್ಮಂಗೆ ಹೇಳಮ್ಮ."