ನೀರಿಗೆ ಏನೂ ಬೀಳಬಾರದು

ಬಂದರಿನ ಹೊರಗೆ ಲಂಗರು ಹಾಕಿದ್ದ ಪ್ರವಾಸಿ ಹಡಗಿನ ಶೌಚದ ನೀರು, ಅಡುಗೆಮನೆಯ ಎಂಜಲು, ಕೊನೆಗೆ ಕಸದ ಡಬ್ಬಿಗಳ ತಳವನ್ನೂ ಬಗ್ಗಿ ನೋಡಿದರು ತಪಾಸಣಾಧಿಕಾರಿ ಬಾಳಿಗರು. ಒಂದು ತಪ್ಪೂ ಸಿಗಲಿಲ್ಲ. ಸಿಗದಿದ್ದುದೇ ಅವರಿಗೆ ಸಿಟ್ಟು.

“ಸಾವಿರಾರು ಜನ ತಿಂದುಂಡು ಮಲಗುವ ಹಡಗು. ನಡುಗಡಲಲ್ಲಿ ನೀವು ಎಂತ ಮಾಡ್ತೀರಿ ಅಂತ ನಮಗೆ ಗೊತ್ತಿಲ್ವಾ?”

“ನಾವು ಎಂತದೂ ಹಾಕುದಿಲ್ಲ ಸರ್. ನಾನೂ ಈ ಕಡಲಿನ ಮೀನು ತಿಂದೇ ಬೆಳೆದವ,” ಎಂದ ಕುಂದಾಪುರದ ಕ್ಯಾಪ್ಟನ್.

“ಚಂದದ ಮಾತು ಬೇಡ. ಒಂದು ಬಾಳೆಹಣ್ಣಿನ ಸಿಪ್ಪೆ ನೀರಿಗೆ ಬಿದ್ರೂ ಕೂಡ್ಲೇ ವೈರ್‌ಲೆಸ್‌ನಲ್ಲಿ ನನಗೆ ಹೇಳ್ಬೇಕು. ಹಾಕಿದವರು ಯಾರೇ ಆಗ್ಲಿ, ಬಿಡ್ಬೇಡಿ. ಆಯ್ತಾ?”

“ಆಯ್ತು ಸರ್.”

ಬಾಳಿಗರು ಏಣಿಯಿಳಿದು ತಮ್ಮ ದೋಣಿ ಹತ್ತಿದರು. ಹಡಗಿನಿಂದ ತುಸು ದೂರ ಬಂದಾಗ ಬ್ಯಾಗಿನೊಳಗೆ ಕೈಗೆ ತಾಗಿತು, ಬೆಳಿಗ್ಗೆ ಹೆಂಡತಿ ಕೊಟ್ಟ ಗಂಟು. ದೇವರ ಕೋಣೆಯ ವಾರದ ನಿರ್ಮಾಲ್ಯ, ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿದ್ದು.

“ಹೊಳೆಗೆ ಹಾಕ್ಬೇಡಿ, ಅಲ್ಲೆಲ್ಲ ಗಲೀಜು. ಹೇಗೂ ಸಮುದ್ರಕ್ಕೆ ಹೋಗ್ತೀರಲ್ಲ,” ಎಂದಿದ್ದಳು.

ಅವರು ಬೂಟು ಕಳಚಿ ಎದ್ದು ನಿಂತರು. ಗಂಟನ್ನು ಹಣೆಗೊತ್ತಿಕೊಂಡು, ಕವರಿನ ಸಮೇತ ನೀರಿಗೆ ಬಿಟ್ಟರು. ಕಣ್ಣು ಮುಚ್ಚಿ ಕೈಮುಗಿದರು.

ದೋಣಿಯ ವೈರ್‌ಲೆಸ್ ಗುರುಗುಟ್ಟಿತು.

“ಸರ್, ಹಡಗಿನಿಂದ ಕ್ಯಾಪ್ಟನ್. ಈಗಷ್ಟೇ ನೀರಿಗೆ ಒಂದು ಪ್ಲಾಸ್ಟಿಕ್ ಕವರ್ ಬಿತ್ತು. ಹಾಕಿದವರು ಇನ್ನೂ ಕೈಮುಗಿದು ನಿಂತಿದ್ದಾರೆ.”