ಗುಳ್ಳೆ ಬಿಟ್ಟ ಬಾಟಲಿ

ನಡುರಾತ್ರಿ ಅಡುಗೆಮನೆಯಲ್ಲಿ ಏನೋ ಗುಳಕ್ ಎಂದಿತು.

ಬೀದಿಯವರ ಬಾಟಲಿಗಳನ್ನು ಪರೀಕ್ಷಿಸುವವಳು ನಾನೇ. ಪ್ರತಿಯೊಬ್ಬರ ಎಂಜಲಿನ ಯೀಸ್ಟನ್ನು ಸಕ್ಕರೆನೀರಿಗೆ ಬಿಟ್ಟು, ಅದನ್ನು ಕೊಲ್ಲುವ ಮದ್ದು ಹಾಕಿಡುತ್ತೇನೆ. ಮದ್ದು ಯೀಸ್ಟಿನ ಪೊರೆಯಲ್ಲಿರುವ ಸ್ಟೆರಾಲೆಂಬ ಕೊಬ್ಬನ್ನು ಹಿಡಿದು ತೂತು ಕೊರೆದರೆ ಯೀಸ್ಟು ಸತ್ತು ಬಾಟಲಿ ಸುಮ್ಮನಿರುತ್ತದೆ. ಸ್ಟೆರಾಲನ್ನೇ ಬದಲಿಸಿಕೊಂಡ ಯೀಸ್ಟು ಗುಳ್ಳೆ ಬಿಡುತ್ತದೆ. ಮದ್ದಿಗೆ ಬಗ್ಗದ ಆ ಸೋಂಕು ಹರಡೀತೆಂದು ಅದನ್ನು ಹೊತ್ತವರನ್ನು ಊರಾಚೆಯ ಶೆಡ್ಡಿಗೆ ಒಯ್ಯುತ್ತಾರೆ. ಯಾರೂ ಮರಳಿಲ್ಲ.

ಹೋದ ವಾರ ಎದುರುಮನೆಯ ಫಿಲೋಮಿನಾಳ ಗಂಡನ ಬಾಟಲಿ ಗುಳ್ಳೆ ಬಿಟ್ಟಿತ್ತು. "ನೋಡ್ಲಿಲ್ಲ ಅಂದ್ಬಿಡಿ ಅಕ್ಕಾ," ಎಂದು ಕಾಲು ಹಿಡಿದಳು.

"ರೂಲ್ಸು ಎಲ್ರಿಗೂ ಒಂದೇ ಕಣಮ್ಮಾ," ಎಂದು ಅವನ ಹೆಸರು ಬರೆದುಕೊಟ್ಟೆ.

ದೀಪ ಹಾಕಿದೆ. ಗುಳುಗುಟ್ಟುತ್ತಿದ್ದದ್ದು ನನ್ನ ಮಗಳು ಇಂಚರಳ ಬಾಟಲಿ.

"ಏನಮ್ಮಾ ಸದ್ದು?" ಒಳಗಿಂದ ಕೇಳಿದಳು.

"ನಲ್ಲಿ ತೊಟ್ಟಿಕ್ತಿದೆ, ಮಲಕ್ಕೋ."

ಬಾಟಲಿಯನ್ನು ಕುದಿಯುವ ನೀರಲ್ಲಿಟ್ಟೆ. ಯೀಸ್ಟು ಸತ್ತು ಸದ್ದು ನಿಂತಿತು. ಎದುರುಮನೆಯಲ್ಲಿ ಇನ್ನೂ ದೀಪ ಉರಿಯುತ್ತಿತ್ತು. ಯಾರಿಗೂ ಹೇಳಬಾರದೆಂದು ನಿರ್ಧರಿಸಿ ಕಿಟಕಿ ಮುಚ್ಚಿದೆ.