ಮುಲ್ಕಿಯಾ

ಮಸ್ಕತ್ ಏರ್‌ಪೋರ್ಟಿನ ಪಾರ್ಕಿಂಗಿನಲ್ಲಿ ಸಂಕಪ್ಪ ಮಾಸ್ಟ್ರು ಸುಕೇಶನ ಗಾಡಿಗೆ ಪೂರ್ತಿ ಒಂದು ಸುತ್ತು ಬಂದು ಕೇಳಿದರು: "ಇದು ಆಂಬುಲೆನ್ಸಾ?"

"ಅಲ್ಲ ಮಾಸ್ಟ್ರೆ. ಸ್ಟೇಷನ್ ವ್ಯಾಗನ್. ಅಮೆರಿಕದ್ದು. ಎಂಬತ್ತೊಂಬತ್ತರ ಮಾಡೆಲ್."

"ಅಂದ್ರೆ ನಿನಗಿಂತ ದೊಡ್ಡದು."

"ಎಂಟು ವರ್ಷ."

ಮಾಸ್ಟ್ರ ಮಗಳು ಯಶ್ಮಿತಾ ಬೆಳಿಗ್ಗೆಯೇ ಫೋನಿನಲ್ಲಿ ಹೇಳಿದ್ದಳು. ಪಪ್ಪ ಊರಿನಿಂದ ಬರುವುದೇ ನಿನ್ನನ್ನು ನೋಡಲಿಕ್ಕೆ, ಅವರು ಹೂಂ ಅಂದರೆ ಮದುವೆ, ಊಹೂಂ ಅಂದರೆ ಇಲ್ಲ. ದಮ್ಮಯ್ಯ, ಆ ಪೆಟ್ಟಿಗೆ ತರಬೇಡ, ನಿನ್ನ ರೂಮ್‌ಮೇಟ್ ಅನೂಪನ ಬಿಳಿ ಕಾರು ಕೇಳು. ಸುಕೇಶನಿಗೆ ಪಿತ್ತ ನೆತ್ತಿಗೇರಿತ್ತು. ಅವನು ಎಸಿ ಮೆಕ್ಯಾನಿಕ್ಕು. ಏಣಿ, ಗ್ಯಾಸ್ ಸಿಲಿಂಡರು, ಬಿಚ್ಚಿದ ಎಸಿ ಎಲ್ಲ ಹೊತ್ತುಕೊಂಡು ದಿನಾ ಸೀಬ್‌ನ ಗಲ್ಲಿಗಲ್ಲಿ ತಿರುಗುವುದು ಇದೇ ಗಾಡಿ. ಬರ್ಕಾದ ಗುಜರಿಯಲ್ಲಿ ಒಂದೊಂದೇ ಭಾಗ ಹುಡುಕಿ, ಒಂದು ಇಡೀ ಬೇಸಗೆ ಬೆವರಿ, ಕೈಯಾರೆ ಎಬ್ಬಿಸಿ ನಿಲ್ಲಿಸಿದ್ದು. ಬದಿಯ ಮರದ ಬಣ್ಣದ ಸ್ಟಿಕ್ಕರ್ ಬಿಸಿಲಿಗೆ ಸುಲಿದಿದೆ, ಪೆಟ್ರೋಲನ್ನು ಎಮ್ಮೆ ಕಲಗಚ್ಚು ಕುಡಿದ ಹಾಗೆ ಕುಡಿಯುತ್ತದೆ. ಕುಡಿಯಲಿ. ಇನ್ನೊಬ್ಬನ ಕಾರಿನಲ್ಲಿ ಕೂತು ಮಾವನಿಗೆ ತೋರಿಸುವುದು ಯಾರ ಮುಖ? ಅನೂಪನದ್ದಾ?

ಹಿಂದಿನ ಬಾಗಿಲು ತೆರೆದಾಗ ಮಾಸ್ಟ್ರ ಕುಚ್ಚಲಕ್ಕಿ, ಹಪ್ಪಳ, ಉಪ್ಪಿನಕಾಯಿಯ ಕಟ್ಟುಗಳೆಲ್ಲ ಒಂದೇ ಮೂಲೆಯಲ್ಲಿ ಮಾಯವಾದವು. "ಜಾಗ ಉಂಟು," ಎಂದರು ಮಾಸ್ಟ್ರು, ಅರ್ಧ ಮಾರ್ಕು ಕೊಟ್ಟವರ ದನಿಯಲ್ಲಿ. ತಮ್ಮೂರು ಮುಲ್ಕಿಯ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಕನ್ನಡ ಪಂಡಿತರಾಗಿದ್ದು ರಿಟೈರಾದವರು. ಗಾಡಿ ಹೆದ್ದಾರಿಗೆ ಏರುವ ಮೊದಲೇ ಪ್ರಶ್ನೆಪತ್ರಿಕೆ ಶುರುವಾಯಿತು.

"ಊರು?"

"ಕಾರ್ಕಳ."

"ಓದಿದ್ದು?"

"ಒಂಬತ್ತು."

"ಪಾಸಾ?"

"ಅರ್ಧದಲ್ಲಿ ಬಿಟ್ಟದ್ದು."

ಮಾಸ್ಟ್ರು ಮುಖ ತಿರುಗಿಸಿ ಕಿಟಕಿಯಾಚೆಯ ಖರ್ಜೂರದ ಮರ ಎಣಿಸತೊಡಗಿದರು. ಸುಕೇಶ ಸ್ಟಿಯರಿಂಗನ್ನು ಅದರ ಕತ್ತು ಹಿಸುಕುವವನಂತೆ ಹಿಡಿದುಕೊಂಡ.

ಸೀಬ್‌ಗೆ ತಿರುಗುವಲ್ಲಿ ಚೆಕಿಂಗ್ ಇತ್ತು. ಎಳೆ ಪ್ರಾಯದ ಪೊಲೀಸು ಸುಕೇಶನ ಕಿಟಕಿಗೆ ಬಗ್ಗಿ, ಕೈ ಚಾಚಿ ಕೇಳಿದ: "ಮುಲ್ಕಿಯಾ?"

ಇಲ್ಲಿ ಮುಲ್ಕಿಯಾ ಎಂದರೆ ಗಾಡಿಯ ರಿಜಿಸ್ಟ್ರೇಷನ್ ಕಾರ್ಡು. ಆದರೆ ಮಾಸ್ಟ್ರು ಒಮಾನಿನಲ್ಲಿ ಇಳಿದು ಇನ್ನೂ ಒಂದು ಗಂಟೆ ಆಗಿರಲಿಲ್ಲ. ಅವರ ಮುಖ ತಾವರೆಯಾಯಿತು. ಸುಕೇಶನ ಮೇಲಿಂದಲೇ ಬಾಗಿ, ಚಾಚಿದ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು. "ಯೆಸ್, ಯೆಸ್, ಮುಲ್ಕಿ. ಬಸ್ ಸ್ಟ್ಯಾಂಡ್ ಟು ಮೈ ಹೌಸ್, ಫೈವ್ ಮಿನಿಟ್ಸ್."

ಪೊಲೀಸು ಏನೂ ಅರ್ಥವಾಗದೆ, ಹಿರಿಯರೆಂದು ತಾನೂ ಕುಲುಕಿದ. ಸುಕೇಶ ಸದ್ದಿಲ್ಲದೆ ಕಾರ್ಡು ದಾಟಿಸಿದ. ಪೊಲೀಸು ಅದನ್ನು ನೋಡಿ, ಗಾಡಿಯನ್ನು ನೋಡಿ, ತನ್ನ ಅಪ್ಪನಿಗೂ ಇಂಥದ್ದೇ ಒಂದಿತ್ತು ಎಂದು ಅರಬ್ಬಿಯಲ್ಲಿ ಹೇಳಿ, ಎದೆಗೆ ಕೈಯಿಟ್ಟು "ಯಲ್ಲಾ" ಎಂದು ಹೋಗಲು ಬಿಟ್ಟ.

"ಕಂಡೆಯಾ?" ಮಾಸ್ಟ್ರು ಬೆನ್ನು ನೆಟ್ಟಗೆ ಮಾಡಿ ಕೂತರು. "ಅರಬ್ಬಿ ಪೊಲೀಸಿಗೂ ನಮ್ಮ ಮುಲ್ಕಿ ಗೊತ್ತುಂಟು. ಮುಖ ನೋಡಿಯೇ ಊರು ಹೇಳಿದ. ಎದೆ ಮುಟ್ಟಿ ನಮಸ್ಕಾರ ಬೇರೆ."

ಸುಕೇಶನಿಗೆ ನಗು ಉಕ್ಕಿ ಬಂತು. ತುಟಿ ಕಚ್ಚಿ, "ಹೌದು ಮಾಸ್ಟ್ರೆ," ಎಂದ.

ಯಶ್ಮಿತಾ ತನ್ನ ಫ್ಲ್ಯಾಟಿನ ಕೆಳಗೆ ಕಾಯುತ್ತಿದ್ದಳು. ಗಾಡಿ ಕಂಡದ್ದೇ ಹಣೆಗೆ ಕೈಹಚ್ಚಿದಳು. ಮಾಸ್ಟ್ರು ಒಂದು ಕಾಲು ನೆಲಕ್ಕಿಡುವ ಮೊದಲೇ ಸುದ್ದಿ ಹೇಳಿ ಮುಗಿಸಿದರು. ಅವಳು ಅಪ್ಪನನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಬಾನೆಟ್ಟಿನ ಮೇಲೆ ಒರಗಿ ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ.

"ಪಪ್ಪ, ಅವ ಕೇಳಿದ್ದು ಗಾಡಿಯ ಕಾರ್ಡು. ಇಲ್ಲಿ ಅದಕ್ಕೆ ಮುಲ್ಕಿಯಾ ಅಂತ ಹೇಳುದು."

ಮಾಸ್ಟ್ರ ಕಿವಿ ಕೆಂಪಾಯಿತು. ಅವರು ಮಗಳನ್ನು ಬಿಟ್ಟು ಸುಕೇಶನ ಕಡೆ ತಿರುಗಿದರು.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ನಗಲಿಲ್ಲ ಯಾಕೆ? ದಾರಿಯಿಡೀ ನಾನು ಅದನ್ನೇ ಹೇಳ್ತಾ ಬಂದೆನಲ್ಲ."

ಸುಕೇಶ ಅಕ್ಕಿಯ ಕಟ್ಟು ಹೆಗಲಿಗೆ ಏರಿಸುತ್ತಿದ್ದ. ಮೆತ್ತಗೆ ಮಾತಾಡಬೇಕೆಂದು ಯಶ್ಮಿತಾ ಕಣ್ಣಲ್ಲೇ ಬೇಡಿದಳು. ಅದು ಅವನಿಗೆ ಬರುವ ವಿದ್ಯೆಯಲ್ಲ.

"ಒಂದು ಶಬ್ದ ತಪ್ಪಿದವನನ್ನು ನಾಲ್ಕು ಜನರ ಎದುರು ನಗಾಡಿದ್ರೆ ಹೇಗೆ ಆಗ್ತದೆ ಅಂತ ನಂಗೆ ಗೊತ್ತುಂಟು ಮಾಸ್ಟ್ರೆ. ನಿಮ್ಮ ಹಾಗಿನ ಒಬ್ರು ಪಂಡಿತರೇ ಕಲಿಸಿದ್ದು. ಆ ಪಾಠ ಆದ ಮರುದಿನದಿಂದ ನಾನು ಶಾಲೆಗೆ ಹೋಗಲಿಲ್ಲ."

ಬಿಸಿ ಇಂಜಿನ್ನು ಟಿಕ್ ಟಿಕ್ ಎಂದು ತಣಿಯುತ್ತಿತ್ತು. ಯಶ್ಮಿತಾ ನಗು ಒರೆಸಿಕೊಂಡಳು. ಎಲ್ಲ ಕೆಟ್ಟಿತು ಎಂದುಕೊಂಡ ಸುಕೇಶ, ಕಟ್ಟನ್ನು ಮೆಟ್ಟಿಲ ಮೇಲಿಟ್ಟು ಇನ್ನೊಂದನ್ನು ತರಲು ಹೊರಟ.

"ನಿಲ್ಲು," ಎಂದರು ಮಾಸ್ಟ್ರು. ಕನ್ನಡಕ ಏರಿಸಿ, ಜೇಬಿನಿಂದ ಮೊಬೈಲು ತೆಗೆದರು. "ನಿನ್ನ ಅಪ್ಪನ ನಂಬರ್ ಹೇಳು."

ಅವನು ಹೇಳಿದ. ನಡುವೆ ಒಂದು ಅಂಕೆ ತಪ್ಪಿ ಮೊದಲಿನಿಂದ ಹೇಳಬೇಕಾಯಿತು. ಹೆಸರಿನ ಜಾಗಕ್ಕೆ ಬಂದಾಗ ಮಾಸ್ಟ್ರು ಕನ್ನಡದಲ್ಲೇ, ಒಂದೇ ಬೆರಳಲ್ಲಿ, ಅಕ್ಷರ ಅಕ್ಷರ ಹುಡುಕಿ ಒತ್ತತೊಡಗಿದರು. ಸುಕೇಶ ಅವರ ಹೆಗಲ ಮೇಲಿಂದ ಇಣುಕಿದ. 'ಬೀ' ಬಂತು. 'ಗ' ಬಂತು. 'ರ' ಬಂತು. ಬೆರಳು ಗಾಳಿಯಲ್ಲಿ ನಿಂತಿತು.

"ಉಸಿರು ಬಿಡು ಮಾರಾಯ," ಎಂದರು ಮಾಸ್ಟ್ರು, ತಲೆ ಎತ್ತದೆ. "ಕೊಂಬು ಎಲ್ಲುಂಟು ಅಂತ ಹುಡುಕ್ತಾ ಇದ್ದೇನೆ."